ಲಮ್ಯಾಯ್ ಅಕ್ಕನ ಕಣ್ಣಿಗೆ ಬಂದ ಅಂಕಿ

ನಮ್ಮ ಖ್ಲೊಂಗ್ ಮಖಾಮ್ ಊರಿನವರಿಗೆ ಅಂಕಿ ಕಾಣದ ಜಾಗವೇ ಇಲ್ಲ. ಬಾಳೆಗಿಡ ಒಂದರ ಬದಲು ಎರಡು ಹೂ ಬಿಟ್ಟರೆ ಅದರಲ್ಲಿ ಅಂಕಿ, ಉಡ ಅಡುಗೆಮನೆಗೆ ನುಗ್ಗಿದರೆ ಅದರ ಬೆನ್ನಿನ ಮೇಲೆ ಅಂಕಿ. ಬಸ್ಸು ಕಾಲುವೆಗೆ ಬಿದ್ದರೆ ಒಳಗಿದ್ದವರು ಬದುಕಿದ್ದಾರೋ ಇಲ್ಲವೋ ಎಂದು ಕೇಳುವ ಮೊದಲು ನಂಬರ್ ಪ್ಲೇಟು ಬರೆದುಕೊಳ್ಳುವ ಜನ ಇವರು. ತಿಂಗಳಿಗೆ ಎರಡು ಸಲ, ಒಂದನೇ ತಾರೀಕಿಗೆ ಮತ್ತು ಹದಿನಾರಕ್ಕೆ, ಲಾಟರಿಯ ಡ್ರಾ. ಅದರ ಹಿಂದಿನ ವಾರ ಯಾವ ಮರವನ್ನೂ ಸುಮ್ಮನೆ ಬಿಡುವುದಿಲ್ಲ. ಮುಖದ ಪೌಡರ್ ತಂದು ತೊಗಟೆಗೆ ಉಜ್ಜಿ ಉಜ್ಜಿ, ಗೆರೆಗಳಲ್ಲಿ ಆರು ಕಂಡಿತೋ ಒಂಬತ್ತು ಕಂಡಿತೋ ಎಂದು ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಾರೆ. ಮರಕ್ಕೆ ಉಜ್ಜಿಕೊಳ್ಳಲಿ, ನನ್ನ ಗಂಟೇನು ಹೋಗುತ್ತದೆ? ಆದರೆ ಇವರು ನನ್ನ ಒಡಹುಟ್ಟಿದ ಅಕ್ಕನ ಕಣ್ಣುರೆಪ್ಪೆಗೆ ಪೌಡರ್ ಉಜ್ಜಿದರು ನೋಡಿ, ಅದಕ್ಕೇ ನನಗೆ ಮೈಯೆಲ್ಲ ಉರಿದುಹೋದದ್ದು.

ನನ್ನ ಹೆಸರು ಪ್ರನೋಮ್, ಅಕ್ಕನಿಗೆ ಬರೀ ನೋಮ್. ಹತ್ತೊಂಬತ್ತು ವರ್ಷದಿಂದ ಈ ಊರಿನ ಆರೋಗ್ಯ ಸ್ವಯಂಸೇವಕಿ. ಪ್ರತಿ ಶನಿವಾರ ಟಾರ್ಚು ಹಿಡಿದು ಮನೆಮನೆಗೂ ಹೋಗಿ, ನೀರಿನ ಗುಡಾಣಗಳಲ್ಲಿ ಸೊಳ್ಳೆಮರಿ ಇದೆಯೇ ಎಂದು ಇಣುಕುವುದು ನನ್ನ ಕೆಲಸ. ನನ್ನ ಮೋಟಾರ್‌ಸೈಕಲ್ಲಿನ ಸದ್ದು ಕೇಳಿದ ಕೂಡಲೇ ಜನ ಗುಡಾಣಕ್ಕೆ ಮುಚ್ಚಳ ಹಾಕುತ್ತಾರೆ, ನಾನು ತಿರುವು ದಾಟಿದ ಕೂಡಲೇ ತೆಗೆಯುತ್ತಾರೆ. ಊರ ಮುಖ್ಯಸ್ಥನ ಹೆಂಡತಿ ಚಲೂಯ್ ಒಮ್ಮೆ ಮುಚ್ಚಳ ಸಿಗದೆ ಗುಡಾಣದ ಮೇಲೆ ತಾನೇ ಕುಳಿತುಬಿಟ್ಟಳು. ಅವಳ ಗಾತ್ರಕ್ಕೆ ಸೊಳ್ಳೆಯಿರಲಿ ಗಾಳಿಯೂ ಒಳಗೆ ಹೋಗುವ ಹಾಗಿರಲಿಲ್ಲ. ಆ ಒಂದು ವಾರ ಅವಳ ಮನೆಗೆ ಪೂರ್ತಿ ಅಂಕ ಕೊಟ್ಟಿದ್ದೆ.

ಅಕ್ಕ ಲಮ್ಯಾಯ್‌ಗೆ ಅರವತ್ತೆರಡು ವರ್ಷ. ಭಾವ ತೀರಿಕೊಂಡು ಎಂಟು ವರ್ಷವಾಯಿತು, ಮಕ್ಕಳಿಲ್ಲ. ನನ್ನ ಮನೆಯಿಂದ ನಾಲ್ಕನೇ ಮನೆ ಅವಳದು, ಅದರ ಹಿಂದೆಯೇ ಬೌದ್ಧ ಭಿಕ್ಕುಗಳ ವಿಹಾರ. ವಿಹಾರದಲ್ಲಿ ಹದಿನಾಲ್ಕು ನಾಯಿಗಳಿವೆ. ಯಾರೋ ತಂದು ಬಿಟ್ಟವು, ತಾವೇ ಬಂದು ಸೇರಿಕೊಂಡವು, ಅಲ್ಲೇ ಹುಟ್ಟಿದವು. ಬೆಳಗ್ಗೆ ಐದಕ್ಕೆ ಎದ್ದು ಅವಕ್ಕೆ ಅನ್ನ, ಮೀನು ಬೇಯಿಸಿ ಹದಿನಾಲ್ಕು ತಟ್ಟೆಗೆ ಬಡಿಸುವವಳು ಅಕ್ಕ. ಸಂಜೆ ವಿಹಾರದ ಚಾವಡಿಯಲ್ಲಿ ಅವುಗಳ ಮಧ್ಯೆ ಕಾಲು ಚಾಚಿ ಕೂತು ಉಣ್ಣೆಹುಳ ಹೆಕ್ಕುತ್ತಾಳೆ. ಆ ಹೊತ್ತಿಗೆ ಕಾಲುವೆ ಕಡೆಯಿಂದ ಸೊಳ್ಳೆಗಳು ಮದುವೆ ದಿಬ್ಬಣ ಹೊರಟ ಹಾಗೆ ಬರುತ್ತವೆ. ಸೊಳ್ಳೆಬತ್ತಿ ಹಚ್ಚೇ ಎಂದರೆ ಪ್ಲಾರಾ ಸೀನುತ್ತೆ ಅನ್ನುತ್ತಿದ್ದಳು. ಪ್ಲಾರಾ ಅಂದರೆ ಅಲ್ಲಿನ ಮುದಿ ಕರಿ ನಾಯಿ. ಹೆಸರು ಹುಳಿ ಹಿಡಿಸಿದ ಮೀನಿನದು, ವಾಸನೆಯೂ ಅದೇ.

ಮೇ ತಿಂಗಳಲ್ಲಿ ಅಕ್ಕನ ಬಲಹುಬ್ಬಿನ ಮೇಲೆ ಒಂದು ಗಂಟು ಎದ್ದಿತು. ಎರಡು ದಿನ ಬಿಟ್ಟು ನೋಡಿದರೆ ಹುಬ್ಬಿನಲ್ಲಿಲ್ಲ, ಕೆನ್ನೆಯ ಮೇಲಿದೆ. ಇನ್ನೆರಡು ದಿನಕ್ಕೆ ಮತ್ತೆ ಮೇಲಕ್ಕೆ ಹೋಗಿ ರೆಪ್ಪೆಯಲ್ಲಿ ಕೂತಿತು. ನಾನು ಆಸ್ಪತ್ರೆಗೆ ಹೋಗೋಣ ಅಂದೆ. ಅದು ಎಲ್ಲಿಗೆ ಹೊರಟಿದೆಯೋ ಹೋಗಲಿ ಬಿಡು, ತಲುಪಿದ ಮೇಲೆ ನೋಡೋಣ ಅಂದಳು ಅಕ್ಕ. ಅವಳಿಗೆ ಆಸ್ಪತ್ರೆ ಅಂದರೆ ಮೊದಲಿನಿಂದಲೂ ಆಗದು, ಅದಕ್ಕೇ ಹೀಗೆ ಅಂದುಕೊಂಡೆ. ಇಷ್ಟು ವರ್ಷ ಊರಿನ ಗುಡಾಣವನ್ನೆಲ್ಲ ಇಣುಕಿದ ನಾನು ಅಕ್ಕನ ಮನಸ್ಸಿನೊಳಗೆ ಒಮ್ಮೆ ಇಣುಕಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ.

ಹದಿನೈದನೇ ತಾರೀಕು ಚಲೂಯ್ ಒನಕೆ ಕೇಳಲು ಅಕ್ಕನ ಮನೆಗೆ ಬಂದಳು. ರೆಪ್ಪೆಯ ಮೇಲೆ ಗಂಟು ಬಾಗಿ ಮಲಗಿದ್ದನ್ನು ನೋಡಿದಳು. ಒನಕೆ ಮರೆತಳು. ಸೆರಗಿನ ಗಂಟಿನಲ್ಲಿ ಹಣ ಇಟ್ಟುಕೊಳ್ಳುವವರಿದ್ದಾರೆ, ಇವಳು ಕೈಚೀಲದಲ್ಲಿ ಪೌಡರ್ ಡಬ್ಬಿ ಇಟ್ಟುಕೊಂಡೇ ತಿರುಗುವವಳು. ಅಕ್ಕನ ಕಣ್ಣು ಮುಚ್ಚಿಸಿ, ಪೌಡರ್ ಹಾಕಿ, ಹೆಬ್ಬೆರಳಲ್ಲಿ ಸವರಿ, ಆರು ಎಂದು ತೀರ್ಮಾನ ಮಾಡಿ ಹೋದಳು. ಮರುದಿನ ಕೊನೆಯ ಅಂಕಿ ಆರೇ ಬಂತು. ಬರಬಾರದಿತ್ತು, ಬಂತು. ಹತ್ತರಲ್ಲಿ ಒಂದು ಬಾರಿ ಯಾವ ಅಂಕಿಯಾದರೂ ಬರಲೇಬೇಕಲ್ಲ ಎಂದು ನಾನು ಹೇಳಿದ್ದನ್ನು ಕೇಳುವವರು ಯಾರು?

ಅಲ್ಲಿಂದ ಶುರುವಾಯಿತು. ಮೂರು ಊರಿನಿಂದ ಜನ. ಅಕ್ಕನ ಮುಂದೆ ಹೂವಿನ ಹಾರ, ಊದುಬತ್ತಿ, ಸ್ಟ್ರಾ ಚುಚ್ಚಿದ ಕೆಂಪು ಶರಬತ್ತಿನ ಬಾಟಲಿಗಳ ಸಾಲು. ಅವಳು ಚಾವಡಿಯಲ್ಲಿ ಕಣ್ಣು ಮುಚ್ಚಿ ಕೂರುವುದು, ಒಬ್ಬೊಬ್ಬರೇ ಬಂದು ಪೌಡರ್ ಹಚ್ಚಿ ನೋಡುವುದು. ಒಬ್ಬನಿಗೆ ಮೂರು ಕಂಡರೆ ಪಕ್ಕದವನಿಗೆ ಎಂಟು. ಮುದುಕನೊಬ್ಬ ಭೂತಗನ್ನಡಿ ತಂದಿದ್ದ, ಅವನಿಗೆ ಮಾತ್ರ ಏನೂ ಕಾಣಲಿಲ್ಲ, ಗಾಜು ಹೊಲಸಾಗಿದೆ ಅಂತ ನನ್ನ ಅಂಗಿಯ ಅಂಚಿಗೇ ಒರೆಸಿಕೊಂಡ. ಎಲ್ಲರಿಗೂ ಅಕ್ಕ ಒಂದೇ ಮಾತು ಹೇಳುತ್ತಿದ್ದಳಂತೆ, ಬರುವಾಗ ನಾಯಿಗಳಿಗೆ ಅಕ್ಕಿ ತನ್ನಿ. ತಂದರು. ವಾರದಲ್ಲಿ ನಾಯಿಗಳು ಉರುಟುರುಟಾದವು. ಪ್ಲಾರಾ ಮೆಟ್ಟಿಲು ಹತ್ತುವುದನ್ನೇ ನಿಲ್ಲಿಸಿತು.

ನನಗೆ ಬೇಜಾರು ಬಂದದ್ದು ಜನರ ಮೇಲಲ್ಲ. ಅವರು ಇರುವುದೇ ಹಾಗೆ. ಅಕ್ಕ ಯಾಕೆ ಒಪ್ಪಿಕೊಂಡಳು ಅನ್ನುವುದೇ ತಲೆ ತಿನ್ನುತ್ತಿತ್ತು. ಹುಟ್ಟಿದಾರಭ್ಯ ಲಾಟರಿ ಚೀಟಿ ಮುಟ್ಟಿದವಳಲ್ಲ ಅವಳು.

ಆ ತಿಂಗಳ ಕೊನೆಯ ದಿನ, ಅಂದರೆ ಮುಂದಿನ ಡ್ರಾದ ಹಿಂದಿನ ದಿನ, ಪಶುವೈದ್ಯರ ತಂಡ ವಿಹಾರಕ್ಕೆ ಬಂತು. ನಾಯಿಗಳ ರಕ್ತ ಪರೀಕ್ಷೆ ಮಾಡುತ್ತೇವೆ, ಮನೆ ನಾಯಿಗಳನ್ನೂ ಕರೆತನ್ನಿ ಎಂದು ಊರಿಗೆಲ್ಲ ಹೇಳಿಬಂದವಳು ನಾನೇ. ತಂಡದಲ್ಲಿದ್ದವಳು ಡಾಕ್ಟರ್ ರಿನ್, ಇನ್ನೂ ಮೂವತ್ತು ದಾಟದ ಹುಡುಗಿ, ನಾಯಿ ಕಚ್ಚಲು ಬಂದರೆ ಅದಕ್ಕೇ ಕ್ಷಮಿಸಿ ಅನ್ನುವಷ್ಟು ಸಂಭಾವಿತೆ. ಚಾವಡಿಯ ಒಂದು ತುದಿಯಲ್ಲಿ ಅವಳ ಸೂಕ್ಷ್ಮದರ್ಶಕ, ಇನ್ನೊಂದು ತುದಿಯಲ್ಲಿ ನಮ್ಮಕ್ಕ ಮತ್ತು ಅವಳ ಪೌಡರ್ ಭಕ್ತರು. ನಡುವೆ ನಾಯಿಗಳು. ಚಲೂಯ್ ಕೂಡ ತನ್ನ ಬಿಳಿ ನಾಯಿ ತೌಹುವಿಗೆ ಗುಲಾಬಿ ಅಂಗಿ ತೊಡಿಸಿ ಎತ್ತಿಕೊಂಡು ಬಂದಿದ್ದಳು. ರಕ್ತ ಕೊಡಿಸಿ, ನಾಯಿಯನ್ನು ಕಂಕುಳಲ್ಲಿಟ್ಟುಕೊಂಡೇ ಅಂಕಿ ನೋಡುವ ಸಾಲಿಗೆ ಹೋಗಿ ನಿಂತಳು.

ಡಾಕ್ಟರ್ ರಿನ್ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದಳು. ಪ್ಲಾರಾದ ಒಂದು ತೊಟ್ಟು ರಕ್ತ. ಅದರಲ್ಲಿ ದಾರದ ಎಳೆಯಂಥದ್ದೇನೋ ಬಳುಕುತ್ತಿತ್ತು, ಒಂದಲ್ಲ, ಏಳೆಂಟು. ವಿಹಾರದ ಹದಿನಾಲ್ಕರಲ್ಲಿ ಒಂಬತ್ತು ನಾಯಿಗಳಿಗೆ ಈ ಹುಳು ಇದೆ ಅಂದಳು. ಸೊಳ್ಳೆ ನಾಯಿಯನ್ನು ಕಚ್ಚಿದಾಗ ಈ ಮರಿಗಳು ಸೊಳ್ಳೆಯೊಳಗೆ ಹೋಗುತ್ತವೆ, ಅಲ್ಲಿ ಬೆಳೆದು, ಅದು ಮತ್ತೊಂದು ನಾಯಿಯನ್ನು ಕಚ್ಚಿದಾಗ ಅದರ ಮೈ ಸೇರುತ್ತವೆ. ನಾಯಿಯನ್ನು ಮುಟ್ಟಿದರೆ, ತಬ್ಬಿದರೆ ಬರುವುದಲ್ಲ, ಸೊಳ್ಳೆಯೇ ತಂದು ಕೊಡಬೇಕು. ಮನುಷ್ಯರನ್ನು ಕಚ್ಚಿದರೆ ಏನಾಗುತ್ತೆ ಎಂದು ಕೇಳಿದೆ, ಸುಮ್ಮನೆ ಮಾತಿಗೆ.

"ಮನುಷ್ಯರ ಮೈಯಲ್ಲಿ ಅದಕ್ಕೆ ದಾರಿ ತಪ್ಪುತ್ತೆ ಆಂಟಿ. ಒಂದೇ ಒಂದು ಹುಳು ಚರ್ಮದ ಕೆಳಗೆ ಅಲೀತಾ ಇರುತ್ತೆ. ಇವತ್ತು ಕೆನ್ನೆ, ನಾಳೆ ರೆಪ್ಪೆ. ತೆಗೆದುಬಿಟ್ರೆ ಏನೂ ಇಲ್ಲ. ಕಣ್ಣೊಳಗೆ ಇಳಿದ್ರೆ ಮಾತ್ರ ದೃಷ್ಟಿಗೇ ಅಪಾಯ."

ನಾನು ತಲೆ ಎತ್ತಿ ಚಾವಡಿಯ ಆ ತುದಿ ನೋಡಿದೆ. ಅಕ್ಕನ ಅರ್ಧ ಮುಖ ಬಿಳಿ ಪೌಡರ್. ಭೂತಗನ್ನಡಿ ಮುದುಕ ಅವಳ ರೆಪ್ಪೆಗೆ ಮೂಗು ತಾಗಿಸಿಕೊಂಡು ನಿಂತಿದ್ದ.

ಸಾಲು ಸೀಳಿಕೊಂಡು ಹೋಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಇನ್ನೂ ನನ್ನ ಸರದಿ ಬಂದಿಲ್ಲ ಎಂದು ಒಬ್ಬಳು ಗೊಣಗಿದಳು. ವಿಹಾರದ ಅಡುಗೆಮನೆಯ ಹಿಂದೆ ಕರೆದುಕೊಂಡು ಹೋಗಿ, ಡಾಕ್ಟರ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಹೆದರುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಪೌಡರ್ ಒರೆಸಿಕೊಳ್ಳುತ್ತಾ, ಗೊತ್ತು ಅಂದಳು. ಗಂಟು ಎದ್ದ ವಾರವೇ ಪೇಟೆಯ ಔಷಧಿ ಅಂಗಡಿಯಲ್ಲಿ ಕೇಳಿದ್ದಳಂತೆ. ನಾಯಿ ಹುಳು ಇದ್ದರೂ ಇರಬಹುದಮ್ಮ, ಬೇಗ ಆಸ್ಪತ್ರೆಗೆ ಹೋಗಿ ಎಂದು ಅಂಗಡಿಯವನೇ ಹೇಳಿದ್ದನಂತೆ.

"ಗೊತ್ತಿದ್ದೂ ಹೀಗೆ ಕೂತಿದ್ದೀಯಲ್ಲ, ನಿಂಗೇನು ಬುದ್ಧಿಗಿದ್ಧಿ ಇದೆಯೇನೆ?"

"ಆಸ್ಪತ್ರೆಗೆ ಹೋದ್ರೆ ಎಲ್ಲಿಂದ ಬಂತು ಅಂತ ಹೇಳ್ತಾರೆ. ಊರಿಗೆ ಗೊತ್ತಾದ್ರೆ ಇವನ್ನೆಲ್ಲ ಲಾರಿಗೆ ತುಂಬ್ತಾರೆ ಕಣೇ. ಅಂಕಿ ಅಂದ್ಕೊಂಡಾದ್ರೂ ಸುಮ್ನಿರ್ಲಿ."

ಲಾರಿಯ ಕಥೆ ನನಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಕಾಲುವೆಯಾಚೆಯ ವಿಹಾರದಲ್ಲಿ ನಾಯಿಯೊಂದು ಯಾರನ್ನೋ ಕಚ್ಚಿತೆಂದು ಆ ಊರಿನವರು ಅಷ್ಟೂ ನಾಯಿಗಳನ್ನು ಲಾರಿಗೆ ಹಾಕಿ ಎಲ್ಲಿಗೋ ಸಾಗಿಸಿದ್ದರು. ಅವು ಅಕ್ಕನ ನಾಯಿಗಳೇನಲ್ಲ. ಆದರೂ ಅನ್ನದ ಬುಟ್ಟಿ ಸೈಕಲ್ಲಿಗೆ ಕಟ್ಟಿಕೊಂಡು ಮೂರು ದಿನ ರಸ್ತೆ ರಸ್ತೆ ಹುಡುಕಿದ್ದಳು. ಒಂದೂ ಸಿಗದೆ ಅನ್ನವನ್ನು ಹಾಗೇ ವಾಪಸು ತಂದಿದ್ದಳು.

ನಾಳೆ ಡ್ರಾ ಮುಗಿಯಲಿ, ಜನ ಕರಗಲಿ, ಆಮೇಲೆ ಯಾರಿಗೂ ತಿಳಿಯದ ಹಾಗೆ ದೂರದ ಪಟ್ಟಣಕ್ಕೆ ಹೋಗಿ ತೆಗೆಸಿಕೊಳ್ಳುತ್ತೇನೆ ಅಂದಳು. ನೀನು ಬಾಯಿ ಬಿಡುವುದಿಲ್ಲ ಎಂದು ಬುದ್ಧನ ಮೇಲೆ ಆಣೆ ಇಡು ಅಂದಳು. ನಾನು ಇಟ್ಟೆ. ಒಂದು ದಿನ ತಾನೇ ಅಂದುಕೊಂಡೆ. ಮೂರ್ಖತನದಲ್ಲಿ ನಾನೇನು ಊರಿನವರಿಗಿಂತ ಕಡಿಮೆಯಲ್ಲ.

ಅವಳು ಹೋಗಿ ಮತ್ತೆ ತನ್ನ ಜಾಗದಲ್ಲಿ ಕೂತಳು. ಕೂತು ಐದು ನಿಮಿಷ ಆಗಿರಲಿಲ್ಲ, ಕಣ್ಣು ಚುಚ್ಚುತ್ತಿದೆ ಎಂದು ರೆಪ್ಪೆ ತೆರೆದಳು. ಎದುರಿಗಿದ್ದ ಚಲೂಯ್ ಹಾ ಎಂದು ಬಾಯಿ ತೆರೆದಳು. ಬಿಳಿಗುಡ್ಡೆಯ ಮೇಲೆ, ತೆಳು ಪೊರೆಯ ಕೆಳಗೆ, ಸೇಮಿಗೆಯ ಎಳೆಯಷ್ಟು ದಪ್ಪದ ಹುಳು ನಿಧಾನಕ್ಕೆ ಹರಿಯುತ್ತಿತ್ತು. ಮೊದಲು ನೆಟ್ಟಗಿತ್ತು. ಒಂದು, ಎಂದು ಇಡೀ ಸಾಲು ಕೂಗಿತು. ತುದಿ ಬಾಗಿತು. ಏಳು, ಅಂದರು. ಹಿಂದಿದ್ದವರು ನಮಗೂ ತೋರಿಸಿ ಎಂದು ನೂಕಿದರು. ಒಬ್ಬ ಫೋನು ತೆಗೆದು ವಿಡಿಯೋ ಮಾಡುತ್ತಾ, ಅಮ್ಮಾ ಕಣ್ಣು ಮಿಟುಕಿಸಬೇಡಿ, ಇನ್ನೊಂದು ಅಂಕಿ ಬಂದರೆ ಮೂರಾಗುತ್ತದೆ ಅಂದ. ಅಕ್ಕ ನೋವಿಗೆ ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಮಿಟುಕಿಸದೆ ಕೂತಿದ್ದಳು. ಒಂದು ಕೈ ಪ್ಲಾರಾದ ಬೆನ್ನ ಮೇಲಿತ್ತು.

ಅಷ್ಟೇ. ನನ್ನ ತಲೆ ಕೆಟ್ಟಿತು. ಭಿಕ್ಕುಗಳು ಪ್ರವಚನ ಮಾಡುವ ಮೈಕು ಅಲ್ಲೇ ಇತ್ತು. ಅದನ್ನು ಹಾಕಿದರೆ ಊರಿನ ಎಂಟೂ ಕಂಬದ ಧ್ವನಿವರ್ಧಕದಲ್ಲಿ ಕೇಳುತ್ತದೆ. ಹಾಕಿದೆ.

"ಅದು ಅಂಕಿ ಅಲ್ರೋ, ಹುಳು. ನಾಯಿ ಹುಳು. ಸೊಳ್ಳೆ ತಂದು ಬಿಟ್ಟಿರೋದು. ಅವಳ ಕಣ್ಣು ಹೋಗ್ತಾ ಇದೆ, ನೀವು ಏಳು ಎಂಟು ಎಣಿಸ್ತಾ ಕೂತಿದ್ದೀರ."

ಅಕ್ಕ ನನ್ನತ್ತ ನೋಡಿದಳು. ಹುಳು ಓಡಾಡುವ ಆ ಕಣ್ಣಿನಿಂದ ಅವಳು ನೋಡಿದ ರೀತಿ ನನಗೆ ಈಗಲೂ ಸಂಕಟ ಮಾಡುತ್ತದೆ. ಆಣೆ ಇಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ.

ಅವಳು ಹೆದರಿದಂತೆಯೇ ಆಯಿತು. ಹಾರ ಹಾಕಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ತೊಡೆಗೆ ಒರಗಿದ್ದ ನಾಯಿಗಳನ್ನು ಕಾಲಲ್ಲಿ ತಳ್ಳಿದರು. ಧ್ವನಿವರ್ಧಕ ಕೇಳಿ ಮುಖ್ಯಸ್ಥ ಪ್ರಯೂನ್ ಒಂದೇ ಚಪ್ಪಲಿಯಲ್ಲಿ ಓಡಿಬಂದ. ವಿಷಯ ತಿಳಿದದ್ದೇ ಸೊಂಟದ ಮೇಲೆ ಕೈಯಿಟ್ಟು, ಇನ್ನು ತಡ ಮಾಡುವುದು ಬೇಡ, ಇವತ್ತೇ ಲಾರಿ ಕರೆಸುತ್ತೇನೆ, ಹುಳು ಹಿಡಿದ ನಾಯಿ ಒಂದೂ ಊರಲ್ಲಿರಬಾರದು ಅಂದ. ಹೌದು ಹೌದು ಎಂದರು ಕೆಲವರು. ಅಕ್ಕ ಪ್ಲಾರಾವನ್ನು ಎತ್ತಿಕೊಳ್ಳಲು ನೋಡಿದಳು. ಎರಡು ವಾರದಿಂದ ತಿಂದ ಅಕ್ಕಿಯ ಭಾರಕ್ಕೆ ಅದು ಏಳಲಿಲ್ಲ.

ಆಗ ಡಾಕ್ಟರ್ ರಿನ್ ಕೆಮ್ಮಿದಳು. ಕೈಯಲ್ಲಿದ್ದ ಗಾಜಿನ ಪಟ್ಟಿ ನೋಡಿಕೊಂಡು, ಮುಖ್ಯಸ್ಥರಿಗೆ ಬಗ್ಗಿ ನಮಸ್ಕಾರ ಮಾಡಿ, ತೀರಾ ವಿನಯದಿಂದ ಹೇಳಿದಳು:

"ಹಾಗಾದ್ರೆ ಲಾರಿ ಮೊದ್ಲು ನಿಮ್ಮ ಮನೆ ಮುಂದೆ ನಿಲ್ಲಿಸ್ಬೇಕಾಗುತ್ತೆ ಸರ್. ತೌಹುವಿಗೂ ಇದೆ."

ಚಲೂಯ್ ನಾಯಿಯನ್ನು ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡಳೆಂದರೆ ಗುಲಾಬಿ ಅಂಗಿಯ ಗುಂಡಿ ಕಿತ್ತುಬಂತು. ಗಂಡನನ್ನು ನೋಡಿ, ಲಾರಿಗೆ ಮೊದಲು ನೀನು ಹತ್ತು ಅಂದಳು. ಅವನು ಸೊಂಟದಿಂದ ಕೈ ಇಳಿಸಿದ. ಡಾಕ್ಟರ್ ಮುಂದಕ್ಕೂ ಓದಿದಳು. ಅವತ್ತು ತಂದ ಇಪ್ಪತ್ತು ಮನೆ ನಾಯಿಗಳಲ್ಲಿ ಏಳಕ್ಕೆ ಹುಳು ಇತ್ತು. ಭೂತಗನ್ನಡಿ ಮುದುಕನದಕ್ಕೂ ಇತ್ತು, ವಿಡಿಯೋ ಮಾಡಿದವನದಕ್ಕೂ ಇತ್ತು. ಹೌದು ಹೌದು ಅಂದವರೆಲ್ಲ ಅವರವರ ನಾಯಿಯ ಕಡೆ ನೋಡಿದರು. ತಿಂಗಳಿಗೊಮ್ಮೆ ಕತ್ತಿನ ಹಿಂದೆ ಔಷಧಿ ಹನಿ ಹಾಕಿಸಿದರೆ ಹುಳು ಹತೋಟಿಗೆ ಬರುತ್ತದೆ, ನಾಯಿ ಓಡಿಸಿದರೆ ಸೊಳ್ಳೆ ಓಡುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದಳು. ನಾನು ಮೈಕು ಕೈಯಲ್ಲಿದ್ದಾಗಲೇ ಎಲ್ಲರ ಗುಡಾಣದ ವಿಷಯವನ್ನೂ, ಯಾರ ಮನೆಯಲ್ಲಿ ಎಷ್ಟು ಸೊಳ್ಳೆಮರಿ ಎಂಬುದನ್ನೂ ಹೆಸರು ಹಿಡಿದು ಓದಿಬಿಟ್ಟೆ. ಹತ್ತೊಂಬತ್ತು ವರ್ಷದ ಸಿಟ್ಟು. ಎಂಟೂ ಕಂಬದಲ್ಲಿ ಕೇಳಿತು.

ಆಮೇಲೆ ಹಿಂದಿನಿಂದ ಒಬ್ಬಳು ಮೆತ್ತಗೆ, ವಿಹಾರದಲ್ಲಿ ಒಂಬತ್ತು, ಮನೆಯವು ಏಳು ಅಂದರಲ್ಲ, ಹಾಗಾದರೆ ತೊಂಬತ್ತೇಳು ತೆಗೆದುಕೊಳ್ಳಬಹುದಾ ಎಂದು ಕೇಳಿದಳು. ಮುಖ್ಯಸ್ಥನೇ ಮೊದಲು ಬರೆದುಕೊಂಡ. ಅಂದ ಹಾಗೆ ಆ ಅಂಕಿ ಬರಲಿಲ್ಲ.

ಅಕ್ಕನನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅವಳು ನನ್ನ ಸೊಂಟ ಹಿಡಿಯಲಿಲ್ಲ, ಸೀಟಿನ ಕಂಬಿ ಹಿಡಿದಿದ್ದಳು. ಕಣ್ಣಿನ ಡಾಕ್ಟರು ಮರಗಟ್ಟಿಸುವ ಹನಿ ಹಾಕಿ, ಪೊರೆಯನ್ನು ಸಣ್ಣದಾಗಿ ಕೊಯ್ದು, ಚಿಮಟದಲ್ಲಿ ಹುಳುವನ್ನು ಎಳೆದರು. ಎಳೆದಷ್ಟೂ ಬಂತು. ನನ್ನ ತೋರುಬೆರಳಿಗಿಂತ ಉದ್ದವಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾಗದು, ಈಗ ಕಣ್ಣಿಗೆ ಏನೂ ಆಗಿಲ್ಲ ಅಂದರು. ನಾನು ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟೆ. ಅಕ್ಕ ನನ್ನನ್ನೂ ನೋಡಲಿಲ್ಲ, ಬಾಟಲಿಯಲ್ಲಿ ಹಾಕಿಟ್ಟ ಹುಳುವನ್ನೂ ನೋಡಲಿಲ್ಲ. ಒಂದು ದಿನ ಆಸ್ಪತ್ರೆಯಲ್ಲಿದ್ದು, ನನ್ನ ಕಡೆಗೆ ಬೆನ್ನು ಹಾಕಿಕೊಂಡೇ ಗಂಜಿ ಕುಡಿದಳು.

ಮರುದಿನ ಮಧ್ಯಾಹ್ನ ವಾಪಸು ಹೊರಟೆವು. ವಿಹಾರದ ತಿರುವು ಇನ್ನೂ ನೂರು ಮಾರು ಇದೆ ಅನ್ನುವಾಗ ನಿಲ್ಲಿಸು ಅಂದಳು. ಹುಣಿಸೆಮರದ ಕೆಳಗೆ ಇಳಿದು ನಿಂತಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ನೆಲದ ಮೇಲೆ.

"ನೀನೇ ಹೋಗಿ ನೋಡ್ಕೊಂಡು ಬಾ. ಎಷ್ಟು ಉಳಿದಿವೆ ಅಂತ ಬಂದು ಹೇಳು. ನನ್ನ ಕೈಲಿ ಆಗಲ್ಲ."

ಹೋಗಿ ನೋಡಿದೆ. ಚಾವಡಿಯಲ್ಲಿ ಅರ್ಧ ಊರೇ ಇತ್ತು. ಡಾಕ್ಟರ್ ರಿನ್ ನಾಯಿಗಳ ಕತ್ತಿಗೆ ಹನಿ ಹಾಕುತ್ತಿದ್ದಳು, ಜನ ಹಿಡಿದುಕೊಳ್ಳುತ್ತಿದ್ದರು. ಮುಖ್ಯಸ್ಥನ ಪ್ಯಾಂಟಿನ ಒಂದು ಕಾಲು ಹರಿದಿತ್ತು, ಅದನ್ನು ಹರಿದುಹಾಕಿದ ನಾಯಿ ಪಕ್ಕದಲ್ಲೇ ಆಕಳಿಸುತ್ತಿತ್ತು. ಚಲೂಯ್ ನೆಲದ ಮೇಲೆ ಕೂತು ಪ್ಲಾರಾವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳು, ಅದರ ವಾಸನೆಗೆ ಮುಖ ಆಚೆ ತಿರುಗಿಸಿಕೊಂಡು. ನಾನು ಎರಡು ಸಲ ಎಣಿಸಿದೆ.

ವಾಪಸು ಬಂದು ಹದಿನಾಲ್ಕು ಎಂದು ಹೇಳಿದರೆ ಅಕ್ಕ ನಂಬಲಿಲ್ಲ. ಅಷ್ಟರಲ್ಲಿ ಅವಳ ವಾಸನೆ ಸಿಕ್ಕಿತೋ ಏನೋ, ಕತ್ತಿನ ಮೇಲೆ ಒದ್ದೆ ಮಾಡಿಕೊಂಡ ನಾಯಿಗಳು ಹಿಡಿದವರ ಕೈ ತಪ್ಪಿಸಿಕೊಂಡು ರಸ್ತೆಗೆ ನುಗ್ಗಿದವು. ಅವಳು ಹುಣಿಸೆಮರದ ಬುಡದಲ್ಲೇ ಕುಸಿದು ಕೂತಳು. ಅವು ಮೈಮೇಲೆ ಬಿದ್ದವು. ಆಗ ಅತ್ತಳು ನೋಡಿ, ಭಾವ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಕಣ್ಣಿನ ಪಟ್ಟಿ ಒದ್ದೆ ಮಾಡಬೇಡವೇ ಎಂದು ಗದರಿಸಿದೆ.

"ಕಣ್ಣು ಹೋಗುತ್ತೆ ಅಂತ ನಂಗೆ ಭಯ ಇರ್ಲಿಲ್ಲ ಕಣೇ ನೋಮ್. ಇವಿಲ್ದೇ ಹೋದ್ರೆ ಬೆಳಗ್ಗೆ ಎದ್ದು ಅನ್ನ ಮಾಡಿ ಯಾರಿಗೆ ಹಾಕ್ಲಿ?"

"ನಂಗೆ ಹಾಕೇ. ನಾಲ್ಕು ಮನೆ ಆಚೆ ಇದ್ದೀನಿ. ಬೆಳಗ್ಗೆ ಬರೀ ಕಾಫಿ ಕುಡ್ಕೊಂಡು ಊರೆಲ್ಲ ಸುತ್ತೋ ಒಂಟಿ ಹೆಂಗಸು ನಾನು. ಒಂದಿನ ಆದ್ರೂ ಕೇಳಿದ್ಯಾ?"

ಅವಳು ಒಂದೇ ಕಣ್ಣಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೀನು ಬೊಗಳುವುದು ಮಾತ್ರ ಬಲ್ಲೆ, ಬಾಲ ಅಲ್ಲಾಡಿಸುವುದಿಲ್ಲವಲ್ಲ ಅಂದಳು. ಮನೆ ತನಕ ನಡೆದೇ ಹೋದಳು, ಹದಿನಾಲ್ಕನ್ನೂ ಸುತ್ತ ಹಾಕಿಕೊಂಡು. ನಾನು ಮೋಟಾರ್‌ಸೈಕಲ್ ತಳ್ಳಿಕೊಂಡು ಹಿಂದೆ ಹೋದೆ. ತಿರುಗಿ ನೋಡಲಿಲ್ಲ. ಸಿಟ್ಟು ಹೋಗಿಲ್ಲ, ಇನ್ನೂ ತಿಂಗಳಾದರೂ ಬೇಕು ಅಂದುಕೊಂಡೆ.

ಮರುದಿನ ಬೆಳಗ್ಗೆ ಆರಕ್ಕೆ ಕಣ್ಣಿಗೆ ಹನಿ ಹಾಕಲು ಅವಳ ಮನೆಗೆ ಹೋದೆ. ಹಿತ್ತಿಲಲ್ಲಿ ನಾಯಿಗಳ ತಟ್ಟೆಗಳು ಸಾಲಾಗಿದ್ದವು, ಅನ್ನದಿಂದ ಹಬೆ ಏಳುತ್ತಿತ್ತು. ಸಾಲಿನ ಕೊನೆಗೆ ಮಣೆಯ ಮೇಲೆ ಇನ್ನೊಂದು ತಟ್ಟೆ, ಅದಕ್ಕೆ ಮುಚ್ಚಳ. ಅಕ್ಕ ಒಲೆಯ ಮುಂದಿನಿಂದ ಏಳದೆ, ತಣ್ಣಗಾಗುವ ಮೊದಲು ತಿನ್ನು, ಇವಕ್ಕೆ ಕಾಯುವ ತಾಳ್ಮೆ ಇಲ್ಲ ಅಂದಳು. ಮುಚ್ಚಳ ತೆಗೆದೆ. ಪ್ಲಾರಾದ ತಟ್ಟೆಗಿಂತ ಒಂದು ತುಂಡು ಮೀನು ಕಡಿಮೆಯೇ ಇತ್ತು. ನಾನು ಮಣೆ ಎಳೆದುಕೊಂಡು ಅವುಗಳ ಪಕ್ಕದಲ್ಲಿ ಕೂತು ತಿಂದೆ.